ಸಂಪಾದಕರ ಉತ್ತರ: ಟೋನಿ ಕ್ರೂಸ್ ದಾರಿ ಅಷ್ಟು ಸಲೀಸಾಗಿತ್ತೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಜರ್ಮನಿಯ ಮಿಡ್‌ಫೀಲ್ಡರ್ ಟೋನಿ ಕ್ರೂಸ್ ಕಷ್ಟಪಟ್ಟು ಮೇಲೆ ಬಂದರು ಅಂದಿದ್ದೀರಿ. 16ನೇ ವಯಸ್ಸಿಗೇ ಜರ್ಮನಿಯ ದೊಡ್ಡ ಕ್ಲಬ್ ಬಯರ್ನ್ ಮ್ಯೂನಿಕ್ ಸೇರಿದವರಿಗೆ ಕಷ್ಟ ಎಲ್ಲಿತ್ತು? ಅಡ್ಡಕ್ಕೆ, ಹಿಂದಕ್ಕೆ ಪಾಸ್ ಕೊಡುವುದು ಅಷ್ಟು ದೊಡ್ಡ ವಿದ್ಯೆಯೇ? ಹೌದು ಅನ್ನುವುದಾದರೆ, ನಮ್ಮ ಹುಡುಗರಿಗೆ ತೋರಿಸಲು ಒಂದು ಪಂದ್ಯ ಹೇಳಿ.”

ನಮಸ್ಕಾರ. ನಿಮ್ಮ ಪತ್ರ ನಮ್ಮಲ್ಲಿ ಒಳ್ಳೆಯ ಚರ್ಚೆ ಎಬ್ಬಿಸಿತು. ಬಯರ್ನ್ ಸೇರುವುದು ಬೇರೆ, ಬಯರ್ನ್ ಪರ ಕಾಯಂ ಆಗಿ ಆಡುವುದು ಬೇರೆ ಅಲ್ವಾ? ಕ್ರೂಸ್‌ಗೆ ಮೊದಲನೆಯದರಿಂದ ಎರಡನೆಯದಕ್ಕೆ ಬರಲು ನಾಲ್ಕು ವರ್ಷ ಹಿಡಿಯಿತು.

1990ರ ಜನವರಿಯಲ್ಲಿ ಅವರು ಹುಟ್ಟಿದಾಗ ಗ್ರೈಫ್ಸ್‌ವಾಲ್ಡ್ ಇನ್ನೂ ಪೂರ್ವ ಜರ್ಮನಿಯ ಊರು. ತಂದೆ ರೋಲಾಂಡ್ ಫುಟ್‌ಬಾಲ್ ಕೋಚ್, ತಾಯಿ ಬ್ಯಾಡ್ಮಿಂಟನ್ ಆಟಗಾರ್ತಿ. ಮೊದಲು ಊರಿನ ಕ್ಲಬ್, ಆಮೇಲೆ ಹಾನ್ಸಾ ರೋಸ್ಟಾಕ್, 2006ರಲ್ಲಿ ಬಯರ್ನ್. ಮರುವರ್ಷ ದಕ್ಷಿಣ ಕೊರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಶ್ರೇಷ್ಠ ಆಟಗಾರನ ಗೋಲ್ಡನ್ ಬಾಲ್. ಅದೇ ಸೆಪ್ಟೆಂಬರ್‌ನಲ್ಲಿ ಬಯರ್ನ್ ಪರ ಕಾಟ್‌ಬುಸ್ ಕ್ಲಬ್ ವಿರುದ್ಧ ಕೊನೆಗೆ ಸ್ವಲ್ಪ ಹೊತ್ತು ಇಳಿದು, ಜೊತೆಗಾರ ಮಿರೊಸ್ಲಾವ್ ಕ್ಲೋಸೆಯ ಎರಡು ಗೋಲಿಗೆ ಪಾಸ್ ಕೊಟ್ಟರು. ಆಗ ಅವರಿಗೆ 17 ವರ್ಷ. ಇಲ್ಲಿಯವರೆಗೆ ನಿಮ್ಮ ಮಾತು ಸರಿ, ದಾರಿ ಸಲೀಸೇ.

ಆಮೇಲೆ ಶುರುವಾಗಿದ್ದು ಬೆಂಚು. ರಿಬೆರಿ, ಶ್ವೈನ್‌ಸ್ಟೈಗರ್, ಝೆ ರೊಬೆರ್ಟೊ ಇರುವ ತಂಡದಲ್ಲಿ ಹುಡುಗನಿಗೆ ಜಾಗ ಎಲ್ಲಿ? ಅಲ್ಲೊಂದು ಹತ್ತು ನಿಮಿಷ, ಇಲ್ಲೊಂದು ಹತ್ತು ನಿಮಿಷ. ಎಷ್ಟೋ ಪ್ರತಿಭೆಗಳು ಕಳೆದುಹೋಗುವುದು ಇಲ್ಲೇ. ದೊಡ್ಡ ಕ್ಲಬ್‌ನ ಜೆರ್ಸಿ ಇರುತ್ತದೆ, ಆಟ ಇರುವುದಿಲ್ಲ.

2009ರ ಜನವರಿ ಕೊನೆಯಲ್ಲಿ ಅವರು 18 ತಿಂಗಳ ಲೋನ್ ಮೇಲೆ, ಅಂದರೆ ಬಯರ್ನ್ ಆಟಗಾರನಾಗಿದ್ದುಕೊಂಡೇ ಎರವಲಾಗಿ, ಲೆವರ್‌ಕುಸೆನ್ ಕ್ಲಬ್‌ಗೆ ಹೋದರು. ನನ್ನ ಮಟ್ಟಿಗೆ ಅವರ ಇಡೀ ವೃತ್ತಿಯಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಲ್ಲ, ಮುಂದೆ ರಿಯಲ್ ಮ್ಯಾಡ್ರಿಡ್ ಸೇರಿದ್ದು ಕೂಡ ಅಲ್ಲ. ಆ ಬೇಸಿಗೆಯಲ್ಲಿ ಯುಪ್ ಹೈಂಕೆಸ್ ಕೋಚ್ ಆಗಿ ಬಂದರು. 2009–10ರ ಲೀಗ್‌ನಲ್ಲಿ ಕ್ರೂಸ್ 33 ಪಂದ್ಯ ಆಡಿ 9 ಗೋಲು ಹೊಡೆದರು. ತಂಡ ಮೊದಲ 24 ಪಂದ್ಯಗಳಲ್ಲಿ ಸೋಲಲೇ ಇಲ್ಲ. ವಾರವಾರವೂ ಪೂರ್ತಿ ಆಡುವುದು, ತಪ್ಪಿದರೂ ಮುಂದಿನ ವಾರ ಮತ್ತೆ ಇಳಿಯುವುದು: 19 ವರ್ಷದವರಿಗೆ ಬೇಕಿದ್ದದ್ದು ಅದೇ. 2010ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡ, ಬೇಸಿಗೆಯಲ್ಲಿ ವಿಶ್ವಕಪ್, ನಂತರ ಬಯರ್ನ್‌ಗೆ ವಾಪಸ್. ಮರುವರ್ಷ ಹೈಂಕೆಸ್ ಕೂಡ ಅಲ್ಲಿಗೇ ಬಂದರು.

ಆಮೇಲೂ ಪೆಟ್ಟು ತಪ್ಪಲಿಲ್ಲ. ಯುರೋಪಿನ ಶ್ರೇಷ್ಠ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2012ರ ಫೈನಲ್ ಅನ್ನು ಬಯರ್ನ್ ತನ್ನದೇ ಮೈದಾನದಲ್ಲಿ ಸೋತಿತು. 2013ರಲ್ಲಿ ಗೆದ್ದಾಗ ಕ್ರೂಸ್ ಗಾಯಗೊಂಡು ಹೊರಗಿದ್ದರು.

ಇನ್ನು ಅಡ್ಡ ಪಾಸ್. ಜರ್ಮನಿಯಲ್ಲೂ ಅವರನ್ನು ‘ಅಡ್ಡ ಪಾಸ್ ಟೋನಿ’ ಎಂದು ಹಂಗಿಸಿದವರಿದ್ದರು. ಆದರೆ ಆ ಪಾಸ್ ಸುಮ್ನೆ ಹೋಗುವುದಿಲ್ಲ. ಚೆಂಡು ಎಡಕ್ಕೆ ಹೋದರೆ ಎದುರಾಳಿ ಸಾಲೂ ಎಡಕ್ಕೆ ಸರಿಯಬೇಕು. ಬಲಕ್ಕೆ ಬಂದರೆ ಮತ್ತೆ ಓಡಬೇಕು. ಯಾರಾದರೊಬ್ಬ ಒಂದು ಹೆಜ್ಜೆ ತಡ ಮಾಡಿದರೆ ಸಾಕು, ನಡುವೆ ಸಂದು ತೆರೆಯುತ್ತದೆ. ಆ ಗಳಿಗೆಗೆ ಕಾಯುವುದಕ್ಕೆ ತುಂಬ ತಾಳ್ಮೆ ಬೇಕು. ಕಸಿದುಕೊಳ್ಳುವುದೂ ಅವರಿಗೆ ಗೊತ್ತಿತ್ತು. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ 69 ಸೆಕೆಂಡಿನೊಳಗೆ ಎರಡು ಗೋಲು ಹೊಡೆದರಲ್ಲ, ಎರಡನೆಯದು ಫೆರ್ನಾಂಡಿನ್ಯೊ ಕಾಲಿಂದ ಚೆಂಡು ಕಿತ್ತುಕೊಂಡು ಬಂದದ್ದು.

ವಿಶ್ವಕಪ್ ಗೆದ್ದ ಕೆಲವೇ ದಿನಗಳಲ್ಲಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಸೇರಿದರು. ಹತ್ತು ವರ್ಷ, ಐದು ಚಾಂಪಿಯನ್ಸ್ ಲೀಗ್. ಅಲ್ಲಿನ ಕೊನೆಯ ಪಂದ್ಯ 2024ರ ಫೈನಲ್. ಜೊತೆಗಾರ ಕಾರ್ವಹಾಲ್ ತಲೆಯಿಂದ ಹೊಡೆದ ಮೊದಲ ಗೋಲಿಗೆ ಕಾರ್ನರ್ ಇವರದೇ. ಅದೇ ಜುಲೈನಲ್ಲಿ ತವರಿನ ಯೂರೊ ಕಪ್ ಆಡಿ, 34ನೇ ವಯಸ್ಸಿಗೆ ಆಟ ನಿಲ್ಲಿಸಿದರು.

ನೀವು ಕೇಳಿದ ಪಂದ್ಯ: 2024ರ ಏಪ್ರಿಲ್ 30, ಮ್ಯೂನಿಕ್, ಬಯರ್ನ್ ವಿರುದ್ಧ ರಿಯಲ್, ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದು. 24ನೇ ನಿಮಿಷದಲ್ಲಿ ನಿಲ್ಲಿಸಿ ನೋಡಲು ಹೇಳಿ. ರಿಯಲ್‌ನ ಮುಂಚೂಣಿ ಆಟಗಾರ ವಿನೀಸಿಯಸ್ ಎಲ್ಲಿಗೆ ಓಡಬೇಕೆಂದು ಕ್ರೂಸ್ ಮೊದಲು ಕೈ ತೋರಿಸುತ್ತಾರೆ. ಆಮೇಲೆ ಬಯರ್ನ್ ರಕ್ಷಣೆಯನ್ನು ಸೀಳಿಕೊಂಡು ಹೋಗುವ ನೇರ ಪಾಸ್, ಗೋಲು. ಹುಡುಗರು ಆ ಗೋಲನ್ನು ಎರಡು ಸಲ ನೋಡಲಿ, ಎರಡನೆಯ ಸಲ ಚೆಂಡನ್ನು ಬಿಟ್ಟು ಬರೀ ಕ್ರೂಸ್ ಅವರನ್ನು.