ಗುಡ್ಡಗಾಡಿನ ದಾರಿ, ನಡುವೆ ಹಳೇ ಗುಡಿ-ಕೋಟೆ: ಎರಡು ದಿನ ಸೈಕಲ್ ತುಳಿಯಲು ಎಲ್ಲಿಗೆ ಹೋಗಲಿ?

ಬೆಂಗಳೂರಲ್ಲಿ ಭಾನುವಾರ ಭಾನುವಾರ 40-50 ಕಿ.ಮೀ. ತುಳಿಯುವ ಅಭ್ಯಾಸ ಇದೆ, ನಂದಿ ಬೆಟ್ಟ ಎರಡು ಸಲ ಹತ್ತಿದ್ದೀನಿ, ಈಗ ಗುಡ್ಡಗಾಡಿನ ದಾರಿಯಲ್ಲಿ ಹಳೇ ಜಾಗಗಳನ್ನು ನೋಡುತ್ತಾ ಹೋಗಬೇಕು, ಆದರೆ ಘಾಟಿ ಹತ್ತುವಷ್ಟು ಕಾಲು ಇನ್ನೂ ಪಳಗಿಲ್ಲ ಅಂತ ಕೇಳಿದ್ದೀರಿ. ಹಾಗಾದರೆ ಹಾಸನದಲ್ಲಿ ರೈಲು ಇಳಿಯಿರಿ. ಮೊದಲ ದಿನ ದೊಡ್ಡಗದ್ದವಳ್ಳಿ, ಹಳೇಬೀಡು, ಬೇಲೂರು. ರಾತ್ರಿ ಬೇಲೂರಲ್ಲಿ ಉಳಿಯಿರಿ. ಎರಡನೇ ದಿನ ಸಕಲೇಶಪುರ, ಮಂಜರಾಬಾದ್ ಕೋಟೆ. ಮೊದಲ ದಿನಕ್ಕೆ 50 ಕಿ.ಮೀ. ಆಸುಪಾಸು, ಎರಡನೇ ದಿನಕ್ಕೆ 40ರ ಆಸುಪಾಸು. ನಾನು ಈ ದಾರಿಯಲ್ಲಿ ನಾಲ್ಕು ಸಲ ಹೋಗಿದ್ದೇನೆ. ಐದನೇ ಸಲ ಕರೆದರೂ ಹೊರಡುತ್ತೇನೆ.

ಇಷ್ಟು ಕಡಿಮೆ ದೂರಕ್ಕೆ ಎರಡು ದಿನ ಯಾಕೆ ಅನ್ನಿಸಬಹುದು. ತುಳಿಯೋದಕ್ಕೆ ಒಂದೇ ದಿನ ಸಾಕು, ನೋಡೋದಕ್ಕೆ ಎರಡು ದಿನವೂ ಸಾಲದು. ಹಾಗೆಯೇ ಇನ್ನೊಂದು ಮಾತು. ಹಾಸನ, ಬೇಲೂರು, ಸಕಲೇಶಪುರ ಮೂರೂ ಊರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲೇ ಇವೆ. ಇದನ್ನು ನೋಡಿ ದಾರಿ ಸಪಾಟಾಗಿರುತ್ತದೆ ಅಂದುಕೊಳ್ಳಬೇಡಿ. ಬೇಲೂರು ಇರುವುದು ಯಗಚಿ ದಂಡೆಯಲ್ಲಿ, ಸಕಲೇಶಪುರ ಇರುವುದು ಹೇಮಾವತಿ ದಂಡೆಯಲ್ಲಿ. ಈ ಎರಡು ಹೊಳೆಗಳಿಗೆ ಸೇರುವ ಹಳ್ಳಗಳು ಒಂದರ ಹಿಂದೆ ಒಂದು ದಾರಿಗೆ ಅಡ್ಡ ಬರುತ್ತವೆ. ಪ್ರತಿ ಹಳ್ಳಕ್ಕೂ ಇಳಿಯಬೇಕು, ಮತ್ತೆ ಹತ್ತಬೇಕು. ನಂದಿಯ ಹಾಗೆ ಒಂದೇ ದೊಡ್ಡ ಏರು ಇಲ್ಲ. ಅರ್ಧ ಕಿ.ಮೀ., ಒಂದು ಕಿ.ಮೀ.ನ ಸಣ್ಣ ಏರುಗಳೇ ಜಾಸ್ತಿ. ಇಳಿಜಾರಿನ ವೇಗದಲ್ಲೇ ಮುಂದಿನ ಏರಿನ ಅರ್ಧ ಮುಗಿದುಬಿಡುತ್ತದೆ. ಆ ಲಯ ಸಿಕ್ಕಿದರೆ ಈ ದಾರಿಯಷ್ಟು ಖುಷಿ ಕೊಡುವುದು ಬೇರೆ ಇಲ್ಲ. ಹಿಂದಿನ ಕ್ಯಾಸೆಟ್‌ನಲ್ಲಿ, ಅಂದರೆ ಹಿಂದಿನ ಚಕ್ರದ ಗಿಯರ್ ಹಲ್ಲುಚಕ್ರಗಳ ಗುಂಪಿನಲ್ಲಿ, ದೊಡ್ಡದು 32 ಹಲ್ಲಿನದು ಇದ್ದರೆ ಸಾಕು. ಟೈರ್ ಮಾತ್ರ 28 ಮಿ.ಮೀ.ಗಿಂತ ಸಣ್ಣದು ಬೇಡ, ಒಳದಾರಿಗಳಲ್ಲಿ ಟಾರು ಕಿತ್ತಿರುತ್ತದೆ.

ಹಾಸನದಿಂದ ಬೆಳಿಗ್ಗೆ ಆರಕ್ಕೇ ಹೊರಡಿ. ಬೇಲೂರು ರಸ್ತೆಯಲ್ಲಿ ಹೋಗಿ ಒಳಕ್ಕೆ ತಿರುಗಿದರೆ ದೊಡ್ಡಗದ್ದವಳ್ಳಿ. ಕೆರೆ ದಂಡೆಯ ಮೇಲೆ ಲಕ್ಷ್ಮೀದೇವಿ ಗುಡಿ. ಬೇಲೂರಿನ ಗುಡಿಗಿಂತ ಸ್ವಲ್ಪ ಹಳೆಯದು, 1113-14ರ ಸುಮಾರಿನದು. ರಾಜರು ಕಟ್ಟಿಸಿದ್ದಲ್ಲ. ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿ. ಕಾಳಿಯ ಗುಡಿಯ ಬಾಗಿಲಲ್ಲಿ ಮೂಳೆ ಮೂಳೆ ಕಾಣುವ ಎರಡು ಬೇತಾಳಗಳು ನಿಂತಿವೆ. ನಾನು ಹೋದಾಗಲೆಲ್ಲ ಅಲ್ಲಿ ಹೆಚ್ಚು ಜನ ಇರಲಿಲ್ಲ. ಕೆರೆ ಕಡೆಯಿಂದ ಬರೋ ಗಾಳಿಗೆ ಬೆವರು ಆರಿಸಿಕೊಂಡು, ಕಟ್ಟಿಕೊಂಡು ಹೋದ ಇಡ್ಲಿ ತಿಂದು ಹೊರಡುತ್ತಿದ್ದೆ.

ಅಲ್ಲಿಂದ ಹಳೇಬೀಡಿನ ಕಡೆ ಬಯಲು ಸೀಮೆಯ ದಾರಿ. ತೆಂಗು, ಜೋಳ, ರಾಗಿ, ಮಳೆಗಾಲದಲ್ಲಾದರೆ ಆಲೂಗಡ್ಡೆ. ನೆರಳು ಕಡಿಮೆ. ರಸ್ತೆ ಅಂಚಿನಲ್ಲಿ ಜಾಲಿ ಮುಳ್ಳು ಇರುತ್ತದೆ, ನೋಡಿಕೊಂಡು ಹೋಗಿ. ಎರಡನೇ ಸಲ ಹೋದಾಗ ಹಳೇಬೀಡಿಗೆ ಐದಾರು ಕಿ.ಮೀ. ಇರುವಾಗ ನನ್ನ ಹಿಂದಿನ ಟೈರ್ ಪಂಕ್ಚರ್ ಆಯಿತು. ಟ್ಯೂಬ್ ಬದಲಾಯಿಸಿದೆ, ಆದರೆ ನನ್ನ ಸಣ್ಣ ಪಂಪ್ ಕೈ ಕೊಟ್ಟಿತು. ನೂಕಿಕೊಂಡು ಹಳ್ಳಿಯ ಸೈಕಲ್ ಶಾಪಿಗೆ ಹೋದೆ. ಅವರ ಪಂಪ್ ನನ್ನ ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಕೂರಲಿಲ್ಲ. ಶಾಪಿನ ಯಜಮಾನರು ಅರ್ಧ ಗಂಟೆ ಹೆಣಗಾಡಿ, ರಬ್ಬರ್ ತುಂಡು ಸುತ್ತಿ, ಹೇಗೋ ಗಾಳಿ ತುಂಬಿಸಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ವಾಲ್ವ್ ಮೇಲೆ ತಿರುಗಿಸಿ ಹಾಕುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ. ಬೆರಳ ತುದಿಯಷ್ಟಿರುತ್ತದೆ. ಅದೊಂದು ಇದ್ದರೆ ಬೈಕು, ಕಾರಿಗೆ ಗಾಳಿ ಹಾಕುವ ಪಂಪ್ ಕೂಡ ನಡೆಯುತ್ತದೆ. ನೀವು ಮರೆಯದೆ ಜೇಬಲ್ಲಿಟ್ಟುಕೊಳ್ಳಿ.

ಹಳೇಬೀಡನ್ನು ಬಿಸಿಲೇರುವ ಮೊದಲು ಮುಟ್ಟಬೇಕು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಲ್ಲ, ಮಧ್ಯಾಹ್ನ ಕಲ್ಲು ಕಾದಿರುತ್ತದೆ. ಹೊಯ್ಸಳೇಶ್ವರ ಗುಡಿಯಲ್ಲಿ ಗೈಡ್ ಜೊತೆ ಸುತ್ತು ಹಾಕುವ ಮೊದಲು ಒಂದು ಕೆಲಸ ಮಾಡಿ. ಹೇಗೂ ತೊಡೆ ಬಿಗಿದುಕೊಂಡಿರುತ್ತದೆ, ಜಗತಿಯ ಮೇಲೆ, ಅಂದರೆ ಗುಡಿ ಸುತ್ತಲಿನ ಕಟ್ಟೆಯ ಮೇಲೆ, ಗೋಡೆಗೆ ಎದುರಾಗಿ ಕಾಲು ಚಾಚಿ ಕೂತುಬಿಡಿ. ನಿಂತು ನೋಡುವವರಿಗೆ ಮೊಣಕಾಲ ಹತ್ತಿರ ಹೋಗಿಬಿಡುವ ಆನೆಗಳ ಸಾಲು ಆಗ ಕಣ್ಣ ಮುಂದೆ ಬರುತ್ತದೆ. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ-ಮಹಾಭಾರತದ ಕಥೆಗಳು, ಮಕರ, ಹಂಸ. ಭಾರ ಹೊರುವವರು ಕೆಳಗೆ, ಹಾರುವವರು ಮೇಲೆ. ಒಂದು ಆನೆಯನ್ನು ಮಾತ್ರ ನಿಧಾನಕ್ಕೆ ನೋಡಿ. ಕುತ್ತಿಗೆಯ ಹಗ್ಗದ ಹುರಿ ಕೂಡ ಕಾಣುತ್ತದೆ. ಪಕ್ಕದ್ದಕ್ಕೆ ಹೋದರೆ ಸೊಂಡಿಲಿನ ತಿರುವು ಬೇರೆ, ನಡಿಗೆ ಬೇರೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಇದು, ಅದಕ್ಕೇ ಇಷ್ಟು ಸಣ್ಣ ಕೆಲಸ ಸಾಧ್ಯವಾಯಿತು. ಮೊದಲ ಸಲ ನಾನು ಬರೀ ಆನೆ ಸಾಲನ್ನೇ ನೋಡುತ್ತಾ ಒಂದು ಗಂಟೆ ಕಳೆದಿದ್ದೆ. ಹತ್ತಿರದ ಬಸ್ತಿಹಳ್ಳಿಯ ಬಸದಿಗಳನ್ನೂ ಬಿಡಬೇಡಿ. ಪಾರ್ಶ್ವನಾಥ ಬಸದಿಯ ಕಂಬಗಳು ಎಷ್ಟು ನಯ ಅಂದರೆ ಮುಖ ಕಾಣುತ್ತದೆ.

ಅಲ್ಲಿಂದ ಬೇಲೂರಿಗೆ 16 ಕಿ.ಮೀ. ಸಂಜೆ ಬಿಸಿಲಲ್ಲಿ ಚೆನ್ನಕೇಶವ ಗುಡಿಗೆ ಹೋಗಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, ಇವತ್ತಿಗೂ ಪೂಜೆ ನಡೆಯುತ್ತಿರುವ ಗುಡಿ. ಇಡೀ ದಿನ ಹ್ಯಾಂಡಲ್ ಮೇಲೆ ಬಗ್ಗಿದ ಕುತ್ತಿಗೆಯನ್ನು ಇಲ್ಲಿ ಎತ್ತಲೇಬೇಕು, ಯಾಕೆಂದರೆ ಮದನಿಕೆಯರು ಇರುವುದು ಸೂರಿನ ಕೆಳಗೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ರಜೆ ದಿನ ಜನ ಜಾಸ್ತಿ. ರೂಮ್ ಮೊದಲೇ ಬುಕ್ ಮಾಡಿ. ಸೈಕಲ್ ರೂಮಿನೊಳಗೇ ಇಡಲು ಬಿಡ್ತೀರಾ ಅಂತ ಫೋನಲ್ಲೇ ಕೇಳಿಬಿಡಿ.

ಎರಡನೇ ದಿನದ ದಾರಿ ನನಗೆ ಪ್ರಾಣ. ಬೇಲೂರು ಬಿಟ್ಟು ಬಿಕ್ಕೋಡು ದಾಟುವ ಹೊತ್ತಿಗೆ ನಾಡೇ ಬದಲಾಗಿರುತ್ತದೆ. ತೆಂಗು ಹಿಂದೆ ಉಳಿದು ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ತಗ್ಗಿನಲ್ಲಿ ಗದ್ದೆ. ಗಾಳಿ ತಣ್ಣಗಾಗುತ್ತದೆ. ಕಾರಲ್ಲಿ ಹೋದರೆ ಕಿಟಕಿಯಾಚೆ ಹಸಿರು ಜಾಸ್ತಿಯಾಯಿತು ಅಷ್ಟೇ ಅನ್ನಿಸುತ್ತದೆ. ಸೈಕಲ್ ಮೇಲೆ ಬಯಲು ಎಲ್ಲಿ ಮುಗಿದು ಮಲೆನಾಡು ಎಲ್ಲಿ ಶುರುವಾಯಿತು ಅಂತ ಕಾಲಿಗೆ, ಮೂಗಿಗೆ ಗೊತ್ತಾಗುತ್ತದೆ. ಹೊಯ್ಸಳರು ಬಂದಿದ್ದು ಇದಕ್ಕೆ ಉಲ್ಟಾ ದಿಕ್ಕಿನಲ್ಲಿ ಅಲ್ವಾ? ಮೂಡಿಗೆರೆ ತಾಲ್ಲೂಕಿನ ಅಂಗಡಿ ಅವರ ಮೂಲ ಊರು, ಶಾಸನಗಳ ಸೊಸೆವೂರು. ಸುದತ್ತ ಮುನಿ 'ಹೊಯ್ ಸಳ' ಅಂದ ಕಥೆ ನಡೆಯುವುದು ಅಲ್ಲೇ. ಆ ಕಾಡಂಚಿನಿಂದ ಬೇಲೂರಿಗೆ, ಅಲ್ಲಿಂದ ದೊಡ್ಡ ಕೆರೆಯಿರುವ ದೋರಸಮುದ್ರಕ್ಕೆ, ಅಂದರೆ ಹಳೇಬೀಡಿಗೆ ಇಳಿದು ಬಂದರು. ನೀವು ಅವರು ಇಳಿದ ಕಡೆಯಿಂದ ಮೇಲಕ್ಕೆ ಹೋಗುತ್ತಿರುತ್ತೀರಿ. ಮೂರನೇ ದಿನ ಸಿಕ್ಕರೆ ಅಂಗಡಿಗೂ ಹೋಗಿ ಬನ್ನಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ಈ ಭಾಗದಲ್ಲಿ ಕಾಡಾನೆಗಳಿವೆ. ಬೆಳಕು ಚೆನ್ನಾಗಿ ಹರಿಯುವ ತನಕ ಬೇಲೂರು ಬಿಡಬೇಡಿ, ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳಿ. ಟೀ ಅಂಗಡಿಯಲ್ಲಿ ನಿಂತು 'ಆನೆ ಯಾವ ಕಡೆ ಇವೆ?' ಅಂತ ಕೇಳಿ. ತೋಟದ ಕೆಲಸಕ್ಕೆ ಹೋಗುವವರಿಗೆ ದಿನಾ ಬೇಕಾದ ಸುದ್ದಿ ಅದು, ಸರಿಯಾಗಿ ಹೇಳುತ್ತಾರೆ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಒಬ್ಬರೇ ಹೋಗುವ ಬದಲು ಜೊತೆಗೊಬ್ಬರು ಇರಲಿ.

ತಿಂಗಳು ಅಂದರೆ ನವೆಂಬರಿನಿಂದ ಜನವರಿ. ಕಾಫಿ ಕೊಯ್ಲಿನ ಕಾಲ, ಕಣದಲ್ಲಿ ಹಣ್ಣು ಒಣಗುವ ಹುಳಿ ವಾಸನೆ ರಸ್ತೆವರೆಗೂ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ರಸ್ತೆ ಜಾರುತ್ತದೆ, ಮಳೆ ಬಿಡುವುದಿಲ್ಲ.

ಸಕಲೇಶಪುರದಲ್ಲಿ ಅಕ್ಕಿ ರೊಟ್ಟಿ ತಿಂದು ಸೈಕಲನ್ನು ಊರಲ್ಲೇ ಭದ್ರವಾಗಿ ಬಿಡಿ. ಕೋಟೆಗೆ ಇನ್ನು 6 ಕಿ.ಮೀ. ಅಷ್ಟೇ, ಆದರೆ ಅದು ಮಂಗಳೂರು ಹೆದ್ದಾರಿ. ಲಾರಿ, ಟ್ಯಾಂಕರ್‌ಗಳು ಮೈಮೇಲೆ ಬಂದ ಹಾಗೆ ಹೋಗುತ್ತವೆ. ನಾನು ಒಂದು ಸಲ ತುಳಿದೆ, ಆಮೇಲೆ ಮೂರು ಸಲವೂ ಆಟೋದಲ್ಲೇ ಹೋದೆ. ಸೈಕಲ್ ಶೂ ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಕಲ್ಲಿನ ಮೇಲೆ ಜಾರುತ್ತದೆ, ಸುಮಾರು 250 ಮೆಟ್ಟಿಲಿವೆ, ಚಪ್ಪಲಿ ಹಾಕಿಕೊಳ್ಳಿ.

ಮಂಜರಾಬಾದ್ ಕೋಟೆ ಟಿಪ್ಪು ಕಟ್ಟಿಸಿದ್ದು, 1792ರಲ್ಲಿ ಮುಗಿಯಿತು. ಮಂಗಳೂರಿನ ಕಡೆಯಿಂದ ಘಾಟಿ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯ ಮೇಲೆ ಕಣ್ಣಿಡಲು ಕಟ್ಟಿದ್ದು. ಫ್ರೆಂಚರ ಕೋಟೆಗಳ ಮಾದರಿ, ಎಂಟು ಮೂಲೆಯ ನಕ್ಷತ್ರ. ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಗೋಡೆಯ ಬುಡ ಕಾಣುತ್ತದೆ, ಹಾಗಾಗಿ ಗೋಡೆಗೆ ಅಂಟಿಕೊಂಡು ಬಂದವನಿಗೆ ಅವಿತುಕೊಳ್ಳಲು ಜಾಗವೇ ಇಲ್ಲ. ಫೋಟೋದಲ್ಲಿ ಕಾಣುವ ನಕ್ಷತ್ರ ಮೇಲಿನಿಂದ ತೆಗೆದಿದ್ದು. ಅಲ್ಲಿ ನಿಂತರೆ ಅದು ಕಾಣಲ್ಲ. ಗೋಡೆ ಪಕ್ಕ ನಡೆಯುತ್ತಾ ಮತ್ತೆ ಮತ್ತೆ ತಿರುಗುವಾಗ ಮೈಗೆ ಗೊತ್ತಾಗುತ್ತದೆ. ನಡುವೆ ಶಿಲುಬೆ ಆಕಾರದ ಕೊಳ. ಹಿಂದಿನ ದಿನ ನೋಡಿದ ಆನೆ, ಹಂಸ, ಬಳ್ಳಿ ಯಾವುದೂ ಇಲ್ಲಿಲ್ಲ. ಗೋಡೆಗಳು ಬೋಳು.

ಕಳೆದ ಸಲ ಹತ್ತಿದಾಗ ಮಂಜು ಎಷ್ಟಿತ್ತು ಅಂದರೆ ಎದುರಿನ ಗೋಡೆಯೇ ಕಾಣುತ್ತಿರಲಿಲ್ಲ. ಮುಕ್ಕಾಲು ಗಂಟೆ ಕೂತೆ. ಪಡುವಣ ಕಡೆಯ ಮಂಜು ಸ್ವಲ್ಪ ಸರಿದು, ಘಾಟಿಯ ಸಾಲು ಒಂದರ ಹಿಂದೆ ಒಂದು ಕಂಡು, ಐದೇ ನಿಮಿಷದಲ್ಲಿ ಮತ್ತೆ ಮುಚ್ಚಿಕೊಂಡಿತು. ವಾಪಸ್ ಬರಲು ಸಕಲೇಶಪುರದಿಂದಲೇ ರೈಲಿದೆ. ಸೈಕಲನ್ನು ಲಗೇಜ್ ಆಗಿ ಬುಕ್ ಮಾಡಬೇಕು, ಒಂದು ಗಂಟೆ ಮೊದಲೇ ಸ್ಟೇಷನ್ನಿನಲ್ಲಿರಿ.