ನಿಮ್ಮ ಮಂತ್ರವಾದಿಯನ್ನು ಆಟಕ್ಕೆ ಇಳಿಸಿ

ನಮಸ್ಕಾರ.

ಬಾಗಲಕೋಟೆಯ ನವನಗರದಿಂದ ನೀವು ಕಳಿಸಿದ ಲೇಖನ ಓದಿದೆ. ಪಾತ್ರ ವಹಿಸಿ, ದಾಳ ಎಸೆದು ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಪಾತ್ರದ ಸಾಮರ್ಥ್ಯದ ಅಂಕಗಳು ಮಂತ್ರಶಕ್ತಿಯನ್ನು ಹೇಗೆ ನಿರ್ಧರಿಸುತ್ತವೆ ಅನ್ನೋದು ಒಳ್ಳೆಯ ವಿಷಯ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲು ತಪ್ಪಿನ ಮಾತು. ಬುದ್ಧಿಶಕ್ತಿಯ ಅಂಕವಾದ ಇಂಟೆಲಿಜೆನ್ಸ್ 8 ಇದ್ದ ಮಂತ್ರವಾದಿ, ಅಂದರೆ ವಿಝರ್ಡ್‌ಗೆ ಮಂತ್ರವೇ ಬರುವುದಿಲ್ಲ ಎಂದು ಬರೆದಿದ್ದೀರಿ. ಅದು 2000ದಲ್ಲಿ ಬಂದ ಮೂರನೇ ಆವೃತ್ತಿಯ ನಿಯಮ. ಅಲ್ಲಿ ಮಂತ್ರದ ಮಟ್ಟಕ್ಕೆ 10 ಸೇರಿಸಿದಷ್ಟು ಅಂಕ ಇರಲೇಬೇಕು. ಮುಂದಿನ ಪ್ಯಾರಾದಲ್ಲೇ 2014ರ ಐದನೇ ಆವೃತ್ತಿಯ ಲೆಕ್ಕ ಹಾಕಿದ್ದೀರಿ. ಅದರಲ್ಲಿ ಆ ಅಡ್ಡಿಯೇ ಇಲ್ಲ. ಎರಡನ್ನೂ ಕಲಸಿದರೆ ಹೊಸ ಆಟಗಾರ ದಾರಿ ತಪ್ಪುತ್ತಾನೆ. ಒಂದೇ ಆವೃತ್ತಿ ಹಿಡಿಯಿರಿ, ಅದು ಯಾವುದೆಂದು ಮೊದಲೇ ಹೇಳಿ.

ನಿಮ್ಮ ಲೇಖನದ ಜೀವ ಇರುವುದು ಬಾದಾಮಿಯಲ್ಲಿ. ಮೂರನೇ ಗುಹೆಯ ಮೆಟ್ಟಿಲ ಮೇಲೆ ಕಾವಲುಗಾರ, ಎದುರಿಗೆ ಮೂರನೇ ಹಂತದ ವಿಝರ್ಡ್. ಎದುರಿಗಿದ್ದವನನ್ನು ಅಲುಗಾಡದಂತೆ ಹಿಡಿದಿಡುವ ಹೋಲ್ಡ್ ಪರ್ಸನ್ ಮಂತ್ರವನ್ನು ವಿಝರ್ಡ್ ಹಾಕುತ್ತಾನೆ. ಎಂಥ ಒಳ್ಳೆ ಸನ್ನಿವೇಶ! ನೀವು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಅಲ್ಲೇ ಲೆಕ್ಕ ಬಿಡಿಸಿ. ಇಂಟೆಲಿಜೆನ್ಸ್ 16 ಅಂದರೆ ಮಾಡಿಫೈಯರ್ (ಅಂಕದಿಂದ ಬರುವ ಕೂಡು-ಕಳೆ ಸಂಖ್ಯೆ) 3. ಹಂತಕ್ಕೆ ತಕ್ಕಂತೆ ಸಿಗುವ ಪ್ರೊಫಿಶಿಯನ್ಸಿ ಬೋನಸ್ 2, ಎಲ್ಲರಿಗೂ ಇರುವ ಮೂಲ 8. ಒಟ್ಟು 13, ಮಂತ್ರದಿಂದ ಪಾರಾಗಲು ಕಾವಲುಗಾರ ದಾಳದಲ್ಲಿ ಮುಟ್ಟಬೇಕಾದ ಸಂಖ್ಯೆ. ಕಾವಲುಗಾರನ ವಿಸ್ಡಮ್ (ವಿವೇಕದ ಅಂಕ) 11, ಹಾಗಾಗಿ ಅವನಿಗೆ ಕೂಡಿಸಲು ಏನೂ ಇಲ್ಲ. ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಜಾಸ್ತಿ ಬಿದ್ದರೆ ಮಾತ್ರ ಪಾರು, ಅಂದರೆ ನೂರಕ್ಕೆ 40ರಷ್ಟು ಅವಕಾಶ. ಅದೇ ವಿಝರ್ಡ್‌ನ ಇಂಟೆಲಿಜೆನ್ಸ್ 8 ಆಗಿದ್ದರೆ? ಮಾಡಿಫೈಯರ್ ಮೈನಸ್ 1, ಒಟ್ಟು 9. ಆಗ ಕಾವಲುಗಾರ ನೂರಕ್ಕೆ 60ರಷ್ಟು ಪಾರು. ಮಂತ್ರ ಹಿಡಿದರೂ ತನ್ನ ಪ್ರತಿ ಸರದಿಯ ಕೊನೆಗೆ ಅವನು ಮತ್ತೆ ದಾಳ ಎಸೆಯುತ್ತಾನೆ. ಹೀಗಾಗಿ ಈ ವ್ಯತ್ಯಾಸ ಪ್ರತಿ ಸುತ್ತಿನಲ್ಲೂ ಮತ್ತೆ ಕೆಲಸ ಮಾಡುತ್ತದೆ. ಇದನ್ನು ಓದಿದವರಿಗೆ ಕೋಷ್ಟಕ ಬೇಕೇ ಆಗುವುದಿಲ್ಲ, ಅಲ್ವಾ?

ಹಾಗಂತ 8 ಅಂಕದವನು ಕೈಲಾಗದವನಲ್ಲ. ಮ್ಯಾಜಿಕ್ ಮಿಸೈಲ್ ಮಂತ್ರ ಯಾವ ಅಂಕವನ್ನೂ ಕೇಳುವುದಿಲ್ಲ, ಸುಮ್ನೆ ಹೋಗಿ ತಗಲುತ್ತದೆ. ಇದನ್ನೂ ಸೇರಿಸಿ.

ದೇವರಿಂದ ಮಂತ್ರಶಕ್ತಿ ಪಡೆಯುವ ಕ್ಲೆರಿಕ್‌ಗೆ ವಿಸ್ಡಮ್, ಸಾರ್ಸರರ್‌ಗೆ ಕರಿಸ್ಮಾ (ವ್ಯಕ್ತಿತ್ವದ ಅಂಕ) ಎಂದು ಪಟ್ಟಿ ಕೊಟ್ಟಿದ್ದೀರಿ, ಕಾರಣ ಹೇಳಿಲ್ಲ. ವಿಝರ್ಡ್ ಓದಿ, ನಕಲು ಮಾಡಿಕೊಂಡು ಕಲಿಯುತ್ತಾನೆ, ಆದ್ದರಿಂದ ಇಂಟೆಲಿಜೆನ್ಸ್. ಸಾರ್ಸರರ್‌ಗೆ ಮಂತ್ರ ಹುಟ್ಟಿನಿಂದಲೇ ಒಳಗಿರುತ್ತದೆ. ಅದನ್ನು ಹೊರತರುವುದು ವ್ಯಕ್ತಿತ್ವದ ಬಲ. ನಿಮ್ಮ ಕಥೆಯ ಗುಹೆಯಲ್ಲಿ ಚಾಲುಕ್ಯ ರಾಜಕುಮಾರ ಮಂಗಳೇಶ ಕೆತ್ತಿಸಿದ 578ರ ಶಾಸನ ಇದೆಯಲ್ಲ, ವಿಝರ್ಡ್ ಅದರ ಮುಂದೆ ಕೂತು ಅಕ್ಷರ ಬಿಡಿಸಲಿ. ಸಾರ್ಸರರ್ ಅತ್ತ ನೋಡದೆ ಮುಂದೆ ಹೋಗಲಿ.

ಸಿದ್ಧಮಾಡಿಕೊಳ್ಳುವ ಮಂತ್ರಗಳ ಸಂಖ್ಯೆಗೆ ಮಾಡಿಫೈಯರ್ ಕೂಡಿಸುವುದು 2014ರ ಪುಸ್ತಕದ ಪದ್ಧತಿ. 2024ರ ಪುಸ್ತಕದಲ್ಲಿ ಆ ಸಂಖ್ಯೆ ಹಂತಕ್ಕೆ ತಕ್ಕಂತೆ ನಿಗದಿಯಾಗಿದೆ. ಅದನ್ನು ಒಂದು ಸಾಲಲ್ಲಿ ಹೇಳಿ ಸಾಕು. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ