ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಕನ್ನಡ ಮಾಧ್ಯಮ

ಪ್ರಶ್ನೆ: ನನ್ನ ಮಗಳು ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ. ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಅವಳು ಹಿಂದುಳಿಯುತ್ತಾಳೆಂದು ನೆಂಟರು ಹೆದರಿಸುತ್ತಾರೆ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬೇಕೇ?
– ಓದುಗರೊಬ್ಬರು, ಬದಿಯಡ್ಕ (ಕಾಸರಗೋಡು ಜಿಲ್ಲೆ, ಕೇರಳ)

ಉತ್ತರ: ಇದೊಂದೇ ಕಾರಣವಾದರೆ ಖಂಡಿತ ಬೇಡ. ಕೇರಳದ ಏಳನೆಯ ತರಗತಿಯ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯದಲ್ಲಿ 2024ರಿಂದಲೇ ಕೃತಕ ಬುದ್ಧಿಮತ್ತೆಯ ಪಾಠವಿದ್ದು, ಮುಖಭಾವವನ್ನು ಗುರುತಿಸುವ ಪ್ರೋಗ್ರಾಮೊಂದನ್ನು ಮಕ್ಕಳೇ ರಚಿಸುವ ಚಟುವಟಿಕೆ ಅದರಲ್ಲಿದೆ. ಪುಸ್ತಕವು ಮಲಯಾಳ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲೂ ಲಭ್ಯವಿದೆ. ಹತ್ತನೆಯ ತರಗತಿಗೆ 2025ರಲ್ಲಿ ರೋಬೋಟಿಕ್ಸ್ ಕೂಡ ಬಂದಿದೆ.

ನೀವು ಆತಂಕಪಡಬೇಕಾದ ಸಂಗತಿ ಬೇರೆಯೇ ಇದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸುವುದರ ವಿರುದ್ಧ ಕಾಸರಗೋಡಿನಲ್ಲಿ ಮತ್ತೆ ಮತ್ತೆ ಪ್ರತಿಭಟನೆಗಳು ನಡೆದಿವೆ. ಹೊಸ ವಿಷಯವನ್ನು ಮಗುವಿಗೆ ತಿಳಿಯದ ಭಾಷೆಯಲ್ಲಿ ವಿವರಿಸಿದರೆ ಎಷ್ಟು ಲ್ಯಾಪ್‌ಟಾಪ್ ಇದ್ದರೂ ಫಲವಿಲ್ಲ. ಆದ್ದರಿಂದ ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ, ಪಾಠವನ್ನು ಯಾರು, ಯಾವ ಭಾಷೆಯಲ್ಲಿ ಮಾಡುತ್ತಾರೆ, ಮಗಳ ಕೈಗೆ ಕೀಲಿಮಣೆ ನಿಜವಾಗಿ ಸಿಗುತ್ತದೆಯೇ ಎಂದು ವಿಚಾರಿಸಿ. (ಪರದೆಯನ್ನು ದೂರದಿಂದ ನೋಡುವುದನ್ನೇ ಕೆಲವೆಡೆ ಕಂಪ್ಯೂಟರ್ ತರಗತಿ ಎನ್ನುತ್ತಾರೆ!) ಎಂಟನೆಯ ತರಗತಿಯಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕ್ಲಬ್ಬಿನ ಶಾಲಾ ಘಟಕಕ್ಕೆ ಅಭಿರುಚಿ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ, ಅದಕ್ಕೆ ಅವಳನ್ನು ಈಗಲೇ ಸಿದ್ಧಗೊಳಿಸಬಹುದು.